ಐದೂವರೆಯ ಹಾಜರಿ

ಸೆಪ್ಟೆಂಬರ್ 4, ಗುರುವಾರ

ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಇದನ್ನು ಮೊದಲೇ ಬರೆದು ಮುಗಿಸಿದರೆ ಉಳಿದದ್ದು ಸುಲಭವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಬರೆಯಲು ಹೇಳಿದವರು ಡಾಕ್ಟರು. ಸುಮ್ಮನೆ ಸೂರು ನೋಡುತ್ತ ಮಲಗಬೇಡಿ ಎಂದರು. ವಾರ್ಡಿನ ಸಿಸ್ಟರು ಒಂದು ಹಳೆಯ ರಿಜಿಸ್ಟರು ತಂದುಕೊಟ್ಟರು. ಮುಂದಿನ ಹಾಳೆಗಳಲ್ಲಿ ಯಾರ್ಯಾರದೋ ಜ್ವರದ ಅಂಕಿಗಳಿವೆ, ಹಿಂದಿನವು ಖಾಲಿ. ಸೇನೆಗೆ ಹೊಸದಾಗಿ ಸೇರಿದ ಹುಡುಗರಿಗೆ ಕವಾಯತು ಕಲಿಸುವ ಸಾರ್ಜೆಂಟು ನಾನು. ಇಪ್ಪತ್ತೆರಡು ವರ್ಷ ಹಾಜರಿ ಪುಸ್ತಕ ಬರೆದಿದ್ದೇನೆ. ವರದಿ ಬರೆಯಲು ಬರುತ್ತದೆ, ಮನಸ್ಸಿನಲ್ಲಿರುವುದನ್ನು ಬರೆದು ಗೊತ್ತಿಲ್ಲ. ಆದ್ದರಿಂದ ವರದಿಯನ್ನೇ ಬರೆಯುತ್ತೇನೆ.

ಆಗಸ್ಟ್ 29. ಗುಂಡು ಹಾರಿಸುವ ಅಭ್ಯಾಸ ಮುಗಿಸಿ ಗುಡ್ಡ ಇಳಿಯುವಾಗ ಲಾರಿ ಉರುಳಿತು. ಹಿಂದೆ ಹತ್ತೊಂಬತ್ತು ಹುಡುಗರು, ಮುಂದೆ ಡ್ರೈವರು ಮತ್ತು ನಾನು. ಹುಡುಗರಲ್ಲಿ ಒಬ್ಬ ಸತ್ತ. ಉಳಿದವರು ಸಣ್ಣಪುಟ್ಟ ಗಾಯ ಕಟ್ಟಿಸಿಕೊಂಡು ಬ್ಯಾರಕ್ಕಿಗೆ ಮರಳಿದ್ದಾರೆ. ಕಾರಣ: ಬ್ರೇಕು ಹಿಡಿಯಲಿಲ್ಲ.

ವರದಿ ಮುಗಿಯಿತು.

ಸೆಪ್ಟೆಂಬರ್ 6, ಶನಿವಾರ

ಹದಿನಾರು ಮಂಚಗಳ ವಾರ್ಡು. ಗೋಡೆಗೆ ಸೊಂಟದವರೆಗೆ ಹಸಿರು ಬಣ್ಣ, ಅದರ ಮೇಲೆ ಸುಣ್ಣ. ನನ್ನದು ಒಂಬತ್ತನೆಯ ಮಂಚ. ಹತ್ತನೆಯದರಲ್ಲಿ ನಮ್ಮ ಲಾರಿಯ ಡ್ರೈವರು. ಇಷ್ಟು ಮಂಚಗಳಿದ್ದೂ ಇವನನ್ನು ತಂದು ನನ್ನ ಪಕ್ಕದಲ್ಲೇ ಮಲಗಿಸಬೇಕೆ?

ಅವನ ಎರಡು ಕೈಗಳೂ ಮುರಿದಿವೆ. ತೋಳಿನಿಂದ ಬೆರಳಿನವರೆಗೆ ಪ್ಲಾಸ್ಟರು. ಕೈಗಳನ್ನು ಎರಡು ಪಕ್ಕಕ್ಕೂ ಚಾಚಿಕೊಂಡು ಹೊಲದ ಬೆದರುಬೊಂಬೆಯ ಹಾಗೆ ಕೂತಿರುತ್ತಾನೆ. ಬಾಯಿ ಮಾತ್ರ ಮುರಿದಿಲ್ಲ.

"ಸಾರ್, ನಿಮ್ಮ ಕೆಲಸ ಅರ್ಧ ಕಮ್ಮಿ ಆಯ್ತು. ಇನ್ಮೇಲೆ ಎಡ-ಬಲ ಅಂತ ಕೂಗೋದು ಬೇಡ. ಬರೀ ಬಲ-ಬಲ."

ವಾರ್ಡಿಗೆ ವಾರ್ಡೇ ನಕ್ಕಿತು. ನಾನು ಗೋಡೆಯ ಕಡೆ ತಿರುಗಿದೆ. ಅವನು ಅಷ್ಟಕ್ಕೆ ಬಿಡಲಿಲ್ಲ. ನನ್ನದೇ ಗಂಟಲಿನಲ್ಲಿ ಶುರುಮಾಡಿದ: "ಹೊಟ್ಟೆ ಒಳಗೆ! ಎದೆ ಮುಂದೆ! ನಿಮ್ಮ ಮಾವನ ಮನೆಗೆ ಬಂದಿದ್ದೀರೇನ್ರೋ?" ಎಷ್ಟು ಸರಿಯಾಗಿತ್ತೆಂದರೆ ಐದನೆಯ ಮಂಚದವನು ನಿದ್ದೆಯಿಂದ ಎದ್ದು ನೆಟ್ಟಗೆ ಕೂತ.

ಹುಡುಗರು ಬೆನ್ನ ಹಿಂದೆ ನನ್ನನ್ನು 'ಗುಡುಗು' ಎಂದು ಕರೆಯುತ್ತಾರೆಂದು ಇವತ್ತೇ ತಿಳಿಯಿತು.

"ಯಾರು ಇಟ್ಟಿದ್ದು ಆ ಹೆಸರು?"

"ಕಡ್ಡಿ, ಸಾರ್."

ಸತ್ತ ಹುಡುಗನೇ ಕಡ್ಡಿ. ಹತ್ತೊಂಬತ್ತು ವರ್ಷ. ಅವನ ತೂಕದ ಹುಡುಗನನ್ನು ಸೇನೆಗೆ ಹೇಗೆ ತೆಗೆದುಕೊಂಡರೆಂದು ಮೊದಲ ದಿನವೇ ಕೇಳಿದ್ದೆ.

ಸೆಪ್ಟೆಂಬರ್ 9, ಮಂಗಳವಾರ

ಇವತ್ತು ನಡೆದದ್ದನ್ನು ಬರೆಯಲು ಸಂಕೋಚವಾಗುತ್ತಿದೆ.

ವಾರ್ಡಿನಲ್ಲಿ ಕೆಲಸದವರು ಸಾಲದು. ಮಧ್ಯಾಹ್ನ ಸಿಸ್ಟರು ಗಂಜಿಯ ಬಟ್ಟಲನ್ನೂ ಚಮಚವನ್ನೂ ನನ್ನ ಕೈಗಿಟ್ಟು, "ನಿಮಗೆ ಕೈ ಇದೆ, ಅವನಿಗಿಲ್ಲ. ತಿನ್ನಿಸಿ" ಎಂದರು.

"ಸಿಸ್ಟರ್, ನಾನು ಸಾರ್ಜೆಂಟ್. ಅವನು ಡ್ರೈವರ್."

"ನಾನು ಮೇಜರ್. ಚಮಚ ಹಿಡೀರಿ."

ಹೌದು, ಸೇನೆಯ ದಾದಿಯರಿಗೆ ಪದವಿ ಇರುತ್ತದೆ. ಈ ಮುದುಕಿಯ ಭುಜದ ಮೇಲೆ ಪದವಿಯ ಗುರುತು ಕಾಣಿಸದೆ ಇದ್ದುದರಿಂದ ಮರೆತೇಬಿಟ್ಟಿದ್ದೆ. ಹಿಡಿದೆ. ನನ್ನ ಸ್ವಂತ ಮಕ್ಕಳಿಗೂ ನಾನು ಹೀಗೆ ತಿನ್ನಿಸಿದವನಲ್ಲ. ಮೊದಲ ಚಮಚ ಅವನ ಗಲ್ಲಕ್ಕೆ ಹೋಯಿತು, ಎರಡನೆಯದು ಕುತ್ತಿಗೆಗೆ.

"ಸಾರ್, ಗುರಿ ಸ್ವಲ್ಪ ಮೇಲೆ."

ಬಟ್ಟಲು ಖಾಲಿಯಾದ ಮೇಲೆ ಮುಖ ಸೊಟ್ಟಗೆ ಮಾಡಿದ. ನೋವೇನೋ ಎಂದು ಗಾಬರಿಯಾದೆ.

"ಮೂಗು ಸಾರ್. ಎಡಗಡೆ. ಬೆಳಗ್ಗೆಯಿಂದ ಕಡೀತಿದೆ."

ಕೆರೆದೆ. ಕಣ್ಣು ಮುಚ್ಚಿಕೊಂಡು ಅಷ್ಟು ಸುಖಪಟ್ಟ ಮನುಷ್ಯನನ್ನು ನಾನು ಈವರೆಗೆ ನೋಡಿಲ್ಲ.

ಸೆಪ್ಟೆಂಬರ್ 15, ಸೋಮವಾರ

ಈಗ ದಿನಕ್ಕೆ ಮೂರು ಹೊತ್ತು ಅವನ ಊಟ ನನ್ನದೇ ಕೆಲಸ. ನಿನ್ನೆ ಗಡ್ಡವನ್ನೂ ಬೋಳಿಸಿದೆ. ಇನ್ನೊಬ್ಬರು ಮಾಡಿದರೆ ಅಚ್ಚುಕಟ್ಟಾಗಿರುವುದಿಲ್ಲ.

ಅವನ ಹೆಂಡತಿಗೆ ಕಾಗದ ಬರೆಯಬೇಕಾಯಿತು. ಅವನು ಹೇಳಿದ, ನಾನು ಬರೆದೆ. "ಕೈಗೆ ಸಣ್ಣ ಗಾಯ, ವಾರದಲ್ಲಿ ವಾಸಿಯಾಗುತ್ತದೆ" ಎಂದ.

"ಸುಳ್ಳು ಬರೆಸ್ತಾ ಇದ್ದೀಯ."

"ಅವಳು ಏಳು ತಿಂಗಳ ಬಸುರಿ ಸಾರ್. ನಿಜ ಎರಡು ತಿಂಗಳು ಕಾಯಲಿ ಬಿಡಿ."

"ಅಕ್ಷರ ನಿನ್ನದಲ್ಲ ಅಂತ ಗೊತ್ತಾಗಲ್ವ?"

ಯೋಚನೆ ಮಾಡಿದ. "ಹಿಂಗೆ ಬರೀರಿ: ಇಲ್ಲಿ ಒಬ್ಬ ಸಾರ್ಜೆಂಟ್ ಇದ್ದಾರೆ, ನನ್ನ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ ನೋಡಿ ಬೈದು ತಿದ್ದಿಸಿದ್ದಾರೆ."

ಹಾಗೆಯೇ ಬರೆದೆ.

ಊರುಗೋಲು ಕೊಟ್ಟಿದ್ದಾರೆ. ಕಿಟಕಿಯವರೆಗೆ ಹೋಗಿ ಬಂದೆ. ಅವನು ಮಂಚದಿಂದಲೇ ನನ್ನ ಗಂಟಲಿನಲ್ಲಿ ಎಣಿಸಿದ. "ಕುಂಟನಿಗೆ ಎಂಟು ಚೇಷ್ಟೆ ಅಂತಾರೆ. ನಿಮಗೆ ಒಂದೂ ಇಲ್ಲವಲ್ಲ ಸಾರ್? ಎಂಟನ್ನೂ ನನಗೇ ಬಿಟ್ಟುಬಿಟ್ರಾ?"

ಅವನು ಆ ದಿನದ ಮಾತನ್ನು ಮಾತ್ರ ಎತ್ತುವುದಿಲ್ಲ. ಹದಿನೇಳು ದಿನದಲ್ಲಿ ಒಂದು ಸಲವೂ ಎತ್ತಿಲ್ಲ.

ಸೆಪ್ಟೆಂಬರ್ 21, ಭಾನುವಾರ

ನನ್ನ ಹೆಂಡತಿ ಬಂದಿದ್ದಳು. ಎರಡು ಗಂಟೆ ಕೂತಿದ್ದಳು. ಹೊರಡುವಾಗ, "ನಿಮಗೆ ಜ್ವರ ಇದೆಯೇ?" ಎಂದು ಹಣೆ ಮುಟ್ಟಿ ನೋಡಿದಳು.

"ಇಲ್ಲ. ಯಾಕೆ?"

"ಬಂದಾಗಿನಿಂದ ಒಂದು ಸಲವೂ ನನ್ನ ಮಾತಿಗೆ ಅಡ್ಡ ಬಾಯಿ ಹಾಕಿಲ್ಲ. ಮೆತ್ತಗೆ ಮಾತಾಡ್ತಿದ್ದೀರಿ."

ನೋವು ಕಡಿಮೆಯಾಗಲು ಕೊಡುವ ಮಾತ್ರೆಯ ಗುಣವಿರಬೇಕು. ಡಾಕ್ಟರನ್ನು ಕೇಳಬೇಕು.

ಸೆಪ್ಟೆಂಬರ್ 24, ಬುಧವಾರ

ಅಕ್ಟೋಬರ್ 8ಕ್ಕೆ ವಿಚಾರಣೆ. ಕಚೇರಿಯ ಗುಮಾಸ್ತ ಬಂದು ಇಬ್ಬರಿಗೂ ಒಂದೊಂದು ಕಾಗದ ಕೊಟ್ಟುಹೋದ. ನನ್ನ ಕಾಗದದ ಮೇಲೆ 'ಸಾಕ್ಷಿ' ಎಂದಿದೆ. ಅವನದರ ಮೇಲೆ 'ಅಜಾಗರೂಕ ಚಾಲನೆಯಿಂದ ಒಂದು ಸಾವಿಗೆ ಕಾರಣ' ಎಂದಿದೆ. ಓದಿ ಹೇಳಿದವನು ನಾನೇ.

ಸಂಜೆ ಊಟದಲ್ಲಿ ಅವನು ಒಂದು ತಮಾಷೆಯನ್ನೂ ಮಾಡಲಿಲ್ಲ. ಆರು ಚಮಚ ತಿಂದು ಸಾಕು ಎಂದ.

ಸೆಪ್ಟೆಂಬರ್ 26, ಶುಕ್ರವಾರ

ಡ್ರೈವರನ ಹೇಳಿಕೆ ಇವತ್ತು ಸಂಜೆಯೊಳಗೆ ಕಚೇರಿಗೆ ಹೋಗಬೇಕಿತ್ತು. ಗುಮಾಸ್ತ ಹಾಳೆ ಇಟ್ಟು, "ಯಾರ ಹತ್ತಿರವಾದ್ರೂ ಬರೆಸು" ಎಂದು ಹೋಗಿಬಿಟ್ಟ. ಯಾರ ಹತ್ತಿರ ಬರೆಸುತ್ತಾನೆ? ಪೆನ್ನು ತೆಗೆದುಕೊಂಡೆ.

ಅವನು ಸೂರು ನೋಡುತ್ತ ಹೇಳಿದ. ಗುಡ್ಡದ ಮೇಲಿನಿಂದ ನಾಲ್ಕೂ ಮುಕ್ಕಾಲಿಗೆ ಹೊರಟದ್ದು. ಲಾರಿಯ ನಂಬರು. ಹಿಂದೆ ಎಷ್ಟು ಜನ. ನಾನು ಬರೆಯುತ್ತ ಹೋದೆ.

"ಹೊರಡೋ ಮುಂಚೆ ಪೆಡಲ್ ಒತ್ತಿ ನೋಡಿದೆ. ಕೆಳಗಿನ ತನಕ ಇಳೀತಿತ್ತು. ಬ್ರೇಕ್ ಸರಿಯಿಲ್ಲ, ಮೆಕ್ಯಾನಿಕ್ ಬರೋವರೆಗೆ ಇಲ್ಲೇ ಇರೋಣ ಅಂತ ನಾನು ಸಾರ್ಜೆಂಟ್‌ಗೆ ಹೇಳಿದೆ."

ಬರೆದೆ. ಪೆನ್ನು ನಿಂತಿತು. ಅವನೂ ನಿಲ್ಲಿಸಿದ.

"ಆ ಕೊನೇ ಮಾತು ಹೊಡೆದುಹಾಕಿ ಸಾರ್."

"ಯಾಕೆ?"

"ಅದು ಕಚೇರಿಗೆ ಹೋದ್ರೆ ನಿಮ್ಮನ್ನ ಈ ವಾರ್ಡಿಂದ ಎತ್ತಿ ಬೇರೆ ಕಡೆ ಹಾಕ್ತಾರೆ. ಆಮೇಲೆ ನನಗೆ ತಿನ್ನಿಸೋರು ಯಾರು?"

ನಾನು ನಗಲಿಲ್ಲ. ನಗಿಸಲು ಹೇಳಿದ ಹಾಗೂ ಇರಲಿಲ್ಲ.

"ಹೊಡೆದುಹಾಕಿ ಸಾರ್. ಸ್ಟೀರಿಂಗ್ ಹಿಡಿದಿದ್ದು ನನ್ನ ಕೈ. ನಿಮಗೆ ಇನ್ನೊಂದು ವರ್ಷ ಸರ್ವಿಸ್ ಇದೆ."

ಹೊಡೆದುಹಾಕಿದೆ. ಒಂದೇ ಗೀಟು, ಸ್ಕೇಲು ಇಟ್ಟು ಎಳೆದ ಹಾಗೆ ನೇರವಾಗಿ. ಸಹಿಯ ಜಾಗಕ್ಕೆ ಬಂದಾಗ ಅವನು, "ಕೈ ಹೆಬ್ಬೆಟ್ಟು ಒಳಗಿದೆ, ಕಾಲಿಂದು ಒತ್ತಲಾ?" ಎಂದ. ಒತ್ತಿದ. ಗುಮಾಸ್ತ ಅದನ್ನು ಒಯ್ದ.

ಸೆಪ್ಟೆಂಬರ್ 27, ಶನಿವಾರ

ನಾಲ್ಕನೇ ತಾರೀಕು ಬರೆದ ವರದಿ ಸರಿಯಿಲ್ಲ. ಸರಿಯಾದದ್ದು ಇದು.

ಐದೂವರೆಗೆ ಬ್ಯಾರಕ್ಕಿನ ಅಂಗಳದಲ್ಲಿ ಸಂಜೆಯ ಹಾಜರಿ. ಇಪ್ಪತ್ತೆರಡು ವರ್ಷದಲ್ಲಿ ನನ್ನ ತಂಡ ಒಂದು ದಿನವೂ ತಡವಾಗಿಲ್ಲ. ಅದೇ ನನ್ನ ಹೆಮ್ಮೆ. ಬೇರೆ ಸಾರ್ಜೆಂಟುಗಳು ಗಡಿಯಾರದ ಹೊತ್ತು ಸರಿಮಾಡಿಕೊಳ್ಳಲು ನನ್ನ ತಂಡದ ಬೂಟಿನ ಸದ್ದು ಕೇಳುತ್ತಾರೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಡ್ರೈವರು ಬ್ರೇಕಿನ ವಿಷಯ ಹೇಳಿದಾಗ ನಾನು ನೋಡಿದ್ದು ಪೆಡಲನ್ನಲ್ಲ, ಕೈಗಡಿಯಾರವನ್ನು.

"ಹಾಜರಿಗೆ ತಡ ಆಗತ್ತೆ. ಹೊರಡು" ಎಂದೆ.

"ಸಾರ್, ಇಳಿಜಾರು..."

"ಹೊರಡು ಅಂದ್ನಲ್ಲ!" ಎಂದು ಗುಡುಗಿದೆ.

ಹಿಂದೆ ಹುಡುಗರು ಹಾಡುತ್ತಿದ್ದರು. ಮೂರನೆಯ ತಿರುವಿನಲ್ಲಿ ಲಾರಿ ಹಿಡಿತ ತಪ್ಪಿತು. ಒಂದು ಕಡೆ ಕಣಿವೆ, ಒಂದು ಕಡೆ ಬಂಡೆ. ಡ್ರೈವರು ಎರಡು ಕೈಯಲ್ಲೂ ಸ್ಟೀರಿಂಗ್ ತಿರುಗಿಸಿ ಲಾರಿಯನ್ನು ಬಂಡೆಗೆ ಗುದ್ದಿಸಿದ, ಅದು ಅಲ್ಲೇ ಉರುಳಿತು. ಅದಕ್ಕೇ ಅವನ ಕೈಗಳು ಹೋದದ್ದು. ಅದಕ್ಕೇ ಹದಿನೆಂಟು ಜನ ಉಳಿದದ್ದು. ಕಡ್ಡಿ ಹಿಂಬದಿಯ ಹಲಗೆಯ ಮೇಲೆ ಕೂತಿದ್ದ. ಲಾರಿ ಅವನನ್ನು ಹೊರಗೆ ಎಸೆದುಬಿಟ್ಟಿತು.

ಬರೆದಾಯಿತು. ಯಾರೂ ಓದುವುದಿಲ್ಲ. ಹಾಗಾದರೆ ಏಕೆ ಬರೆದೆ?

ಅಕ್ಟೋಬರ್ 2, ಗುರುವಾರ

ಕಡ್ಡಿಯ ತಾಯಿ ಬಂದಿದ್ದರು.

ಮಗನ ಪೆಟ್ಟಿಗೆ ಒಯ್ಯಲು ಬ್ಯಾರಕ್ಕಿಗೆ ಬಂದವರು, ನನ್ನನ್ನು ನೋಡಬೇಕೆಂದು ಕೇಳಿ ವಾರ್ಡಿಗೆ ಬಂದರಂತೆ. ಸಣ್ಣ ಆಕೃತಿ. ಮಗನ ಮೈಕಟ್ಟು ಎಲ್ಲಿಂದ ಬಂದದ್ದೆಂದು ಗೊತ್ತಾಯಿತು. ದರ್ಜಿ ಅಂಗಡಿಯಲ್ಲಿ ಗುಂಡಿ, ಕಾಜ, ಅಂಚು ಹೊಲಿಯುವ ಕೆಲಸ.

"ನೀವೇನಾ ಗುಡುಗು ಸಾರ್?" ಎಂದರು. ಕೂಡಲೇ ಬಾಯಿ ಮೇಲೆ ಕೈ ಇಟ್ಟುಕೊಂಡರು. "ತಪ್ಪು ತಿಳ್ಕೋಬೇಡಿ. ಕಾಗದದ ತುಂಬ ನಿಮ್ಮದೇ ಮಾತು. ಇವತ್ತು ಗುಡುಗು ಸಾರ್ ಹಿಂಗೆ ಬೈದ್ರು, ಹಂಗೆ ಓಡಿಸಿದ್ರು. ಓದಿ ಓದಿ ನಮ್ಮ ಅಂಗಡಿಯವರೆಲ್ಲ ನಗ್ತಿದ್ರು."

ಕೂರಲು ಹೇಳಿದೆ. ನನ್ನ ಅಂಗಿಯ ಎರಡನೆಯ ಗುಂಡಿ ದಾರದಲ್ಲಿ ನೇತಾಡುತ್ತಿತ್ತು. ಅವರ ಕಣ್ಣು ಅದರ ಮೇಲೆ ಬಿತ್ತು. ಚೀಲದಿಂದ ಸೂಜಿದಾರ ತೆಗೆದರು. ಬೇಡವೆಂದೆ.

"ಸುಮ್ನಿರಿ, ಕೈ ಸುಮ್ನಿದ್ರೆ ನನಗೆ ಆಗಲ್ಲ" ಎಂದು ಬಗ್ಗಿ ಹೊಲಿಯತೊಡಗಿದರು. ಅವರ ನೆತ್ತಿ ನನ್ನ ಗಲ್ಲದ ಹತ್ತಿರವೇ ಇತ್ತು. ಬೈತಲೆಯ ಎರಡು ಕಡೆಯೂ ಬಿಳಿ.

"ಡ್ರೈವರ್ ಕುಡಿದಿದ್ನಂತೆ, ಹೌದಾ?" ಎಂದು ಮೆತ್ತಗೆ ಕೇಳಿದರು. "ಬಸ್ಸಲ್ಲಿ ಯಾರೋ ಹೇಳಿದ್ರು."

ಪಕ್ಕದ ಮಂಚದಲ್ಲಿ ಡ್ರೈವರು ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಮಾಡುತ್ತಿರಲಿಲ್ಲ.

"ಇಲ್ಲಮ್ಮ" ಎಂದೆ. "ಅವನು ಕುಡಿಯೋನಲ್ಲ. ಬ್ರೇಕ್ ಸರಿಯಿಲ್ಲ, ಹೋಗೋದು ಬೇಡ ಅಂತ ನನಗೆ ಹೇಳ್ದ. ನಾನೇ ಹೊರಡಿಸಿದ್ದು. ಹಾಜರಿಗೆ ಹೊತ್ತಾಗತ್ತೆ ಅಂತ."

ಸೂಜಿ ಬಟ್ಟೆಯೊಳಗೆ ಅರ್ಧ ಹೋಗಿ ನಿಂತಿತು. ಚುಚ್ಚಿದರೆ ಚುಚ್ಚಲಿ ಎಂದೇ ಕೂತಿದ್ದೆ. ಆಮೇಲೆ ಸೂಜಿ ಹೊರಗೆ ಬಂತು. ಇನ್ನೂ ಎರಡು ಸುತ್ತು ಸುತ್ತಿ, ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದರು. ಸೂಜಿಯನ್ನು ಚೀಲದೊಳಗಿನ ಬಟ್ಟೆ ತುಂಡಿಗೆ ಸಿಕ್ಕಿಸಿದರು. ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದರು.



ಅಕ್ಟೋಬರ್ 3, ಶುಕ್ರವಾರ

ಡ್ರೈವರು ನನ್ನ ಕೈಯಿಂದ ತಿನ್ನಲು ಒಪ್ಪಲಿಲ್ಲ. "ಹೊಡೆದುಹಾಕಿ ಅಂದಿದ್ದು ಸುಮ್ನೇನಾ? ಪಾಪ, ಆ ತಾಯಿಗೆ ಯಾಕೆ ಹೇಳಿದ್ರಿ? ನನ್ನ ಮೇಲೆ ಸಿಟ್ಟು ಮಾಡ್ಕೊಂಡಾದ್ರೂ ಸಮಾಧಾನವಾಗಿ ಇರ್ತಿದ್ರು."

ಸಿಸ್ಟರು ತಿನ್ನಿಸಿದರು. ಅವರು ತುಂಬ ಬೇಗ ಬೇಗ ತಿನ್ನಿಸುತ್ತಾರೆ. ಅವನಿಗೆ ಬಿಕ್ಕಳಿಕೆ ಬಂತು.

ಅಕ್ಟೋಬರ್ 8, ಬುಧವಾರ

ಉದ್ದನೆಯ ಮೇಜು, ಹಸಿರು ಬಟ್ಟೆ, ಮೂವರು ಅಧಿಕಾರಿಗಳು. ಊರುಗೋಲಿನಲ್ಲಿ ಹೋದ ನನಗೆ ಕುರ್ಚಿ ತೋರಿಸಿದರು. ನಿಂತೇ ಹೇಳುತ್ತೇನೆ ಎಂದೆ.

ಹೇಳಿದೆ. ನಡುವಿನಲ್ಲಿ ಕೂತಿದ್ದ ಕರ್ನಲ್ಲರು ಕನ್ನಡಕ ತೆಗೆದು, "ಡ್ರೈವರನ ಹೇಳಿಕೆಯಲ್ಲಿ ಈ ವಿಷಯವಿಲ್ಲವಲ್ಲ?" ಎಂದರು.

"ಇದೆ ಸಾರ್. ಎರಡನೆಯ ಹಾಳೆಯಲ್ಲಿ ಗೀಟು ಹಾಕಿದ ಸಾಲು. ಬರೆದ ಕೈಯೂ ನನ್ನದು, ಗೀಟು ಹಾಕಿದ ಕೈಯೂ ನನ್ನದು."

ಹಾಳೆಯನ್ನು ಬೆಳಕಿಗೆ ಹಿಡಿದು ಓದಿದರು. ಮೂವರೂ ಒಬ್ಬರ ನಂತರ ಒಬ್ಬರು ಓದಿದರು. "ಇದರ ಪರಿಣಾಮ ಏನೆಂದು ನಿಮಗೆ ಗೊತ್ತೇ?"

"ಗೊತ್ತು ಸಾರ್. ಲಾರಿ ಓಡಿಸಿದ್ದು ಅವನು. ಹೊರಡಿಸಿದ್ದು ನಾನು."

ಧ್ವನಿ ಚಿಕ್ಕದಾಗಿತ್ತಂತೆ. ಗುಮಾಸ್ತ ಎರಡು ಸಲ, "ಸ್ವಲ್ಪ ಜೋರಾಗಿ ಹೇಳಿ" ಎಂದ. ನನಗೆ ಅದನ್ನು ಹೇಳಿದ ಮೊದಲ ಮನುಷ್ಯ ಅವನೇ ಇರಬೇಕು.

ವಾರ್ಡಿಗೆ ಮರಳಿದೆ. ರಾತ್ರಿಯ ಊಟ ಬಂದಾಗ ಡ್ರೈವರು ನನ್ನ ಕಡೆ ತಿರುಗಿ ಬಾಯಿ ತೆರೆದ. ನಾನು ಚಮಚ ಎತ್ತಿಕೊಂಡೆ.

ಅಕ್ಟೋಬರ್ 17, ಶುಕ್ರವಾರ

ತೀರ್ಪು ಬಂತು. ಡ್ರೈವರನ ಮೇಲೆ ದೋಷವಿಲ್ಲ. ನನ್ನ ತೋಳಿನ ಪಟ್ಟಿಗಳನ್ನು ತೆಗೆದು ಸೇನೆಯಿಂದ ಬಿಡುಗಡೆ ಮಾಡಿದ್ದಾರೆ. ಇನ್ನೂ ಹೆಚ್ಚಿನದಕ್ಕೆ ಸಿದ್ಧನಾಗಿದ್ದೆ. ಕಾಲು ಹೋದದ್ದನ್ನು ಲೆಕ್ಕಕ್ಕೆ ಹಿಡಿದರೆಂದು ಕಾಣುತ್ತದೆ.

ಅವನ ಪ್ಲಾಸ್ಟರನ್ನೂ ಇವತ್ತೇ ಕತ್ತರಿಸಿದರು. ಒಳಗಿನಿಂದ ಬಂದ ಕೈಗಳು ಯಾರೋ ಮುದುಕನವು. ಮನೆಗೆ ಹೋಗಲು ರಜೆ ಕೊಟ್ಟಿದ್ದಾರೆ. ಹೊರಡುವ ಮುಂಚೆ ನನ್ನ ಮಂಚದ ಮುಂದೆ ನಿಂತು ಸಲ್ಯೂಟು ಹೊಡೆಯಲು ಹೋದ. ಕೈ ಎದೆಯವರೆಗೆ ಬಂದು ನಿಂತಿತು.

"ಕೈ ಇಳಿಸು. ನಾನೀಗ ಸಾರ್ಜೆಂಟ್ ಅಲ್ಲ. ಸಾರ್ ಅನ್ನೋದೂ ಬೇಡ."

"ಪಟ್ಟಿ ನಿಮ್ಮ ತೋಳಿಂದ ತೆಗೆದ್ರು ಸಾರ್. ನನ್ನ ಬಾಯಿಗೆ ಇನ್ನೂ ಪಟ್ಟಿ ಕಟ್ಟಿಲ್ಲ."

ಬಾಗಿಲ ತನಕ ಹೋಗಿ ವಾಪಸು ಬಂದು, ತನ್ನ ಮೂಗನ್ನು ತಾನೇ ಕೆರೆದು ತೋರಿಸಿ ಹೋದ. ಹತ್ತನೆಯ ಮಂಚದ ಹಾಸಿಗೆ ಸುತ್ತಿಟ್ಟಿದ್ದಾರೆ. ಊಟ ಸೇರಲಿಲ್ಲ.

ಅಕ್ಟೋಬರ್ 19, ಭಾನುವಾರ

ಹೊಸ ಕಾಲಿನ ಅಳತೆಗೆಂದು ಇನ್ನು ಮೂರು ವಾರ ನನ್ನನ್ನು ಇಲ್ಲಿಯೇ ಇಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಯಾರೋ ಬಂದು ಬೆಂಚಿನ ಆ ತುದಿಗೆ ಕೂತರು. ಕಡ್ಡಿಯ ತಾಯಿ.

ಏಳಲು ಹೋದೆ. ಊರುಗೋಲು ಜಾರಿತು. "ಕೂತ್ಕೊಳಿ" ಎಂದರು.

ಅವರು ಎದುರಿನ ನೀರಿನ ತೊಟ್ಟಿಯ ಕಡೆ ಮುಖ ಮಾಡಿದರು.

"ಕ್ಷಮಿಸೋಕೆ ಬಂದಿಲ್ಲ ನಾನು" ಎಂದರು. "ಅದು ನನ್ನ ಕೈಲಿ ಆಗಲ್ಲ. ಮುಂದೆ ಆಗತ್ತೋ ಇಲ್ವೋ ಅದೂ ಗೊತ್ತಿಲ್ಲ."

"ಸರಿಯಮ್ಮ."

"ಪೆಟ್ಟಿಗೆ ತೆಗೆದು ನೋಡಿದೆ. ಎರಡು ಅಂಗಿ, ಒಂದು ಬಾಚಣಿಗೆ, ನಾನು ಬರೆದ ಕಾಗದ. ಏಳು ತಿಂಗಳು ಅವನು ನನ್ನ ಕಣ್ಣಿಗೆ ಬಿದ್ದಿಲ್ಲ. ಆ ಏಳು ತಿಂಗಳು ದಿನಾ ನೋಡಿದವರು ನೀವು. ಅದು ನಿಮ್ಮ ಹತ್ರ ಇದೆ. ಅದನ್ನ ನನಗೆ ಕೊಡಿ."

ಧೀರ, ಶಿಸ್ತಿನ ಹುಡುಗ ಎಂದು ಶುರುಮಾಡಿದೆ. ಸತ್ತವರ ಮನೆಗೆ ಕಚೇರಿಯಿಂದ ಹೋಗುವ ಕಾಗದದ ಮಾತು. ಅವರು ತಲೆ ಅಲ್ಲಾಡಿಸಿದರು. "ಅದಲ್ಲ."

ಆಗ ಕತ್ತೆಯ ವಿಷಯ ಹೇಳಿದೆ. ಒಂದು ಮುಂಜಾನೆ ಮಂಜಿನಲ್ಲಿ ಕಡ್ಡಿ ಗೇಟು ಕಾಯುತ್ತಿದ್ದ. ಕತ್ತೆಯೊಂದು ಒಳಗೆ ನುಗ್ಗಿ ಕರ್ನಲ್ಲರ ಕುಂಡದ ಹೂಗಿಡಗಳನ್ನೆಲ್ಲ ತಿಂದುಹಾಕಿತು. ಯಾಕೋ ಬಿಟ್ಟೆ ಎಂದು ನಾನು ಕಿರುಚಿದರೆ ಅವನು ನೆಟ್ಟಗೆ ನಿಂತು, "ಗುರುತಿನ ಮಾತು ಕೇಳಿದೆ ಸಾರ್, ಹೇಳಲಿಲ್ಲ. ಆದ್ರೆ ನಡೆಯೋ ಗತ್ತು ನೋಡಿ ಯಾರೋ ದೊಡ್ಡ ಅಧಿಕಾರಿ ಇರಬೇಕು ಅಂದ್ಕೊಂಡೆ" ಎಂದಿದ್ದ.

ಅವರು ನಕ್ಕರು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಭುಜ ಕುಣಿಯುವ ಹಾಗೆ ನಕ್ಕರು. ಯಾವ ಗಳಿಗೆಯಲ್ಲಿ ಅದು ಅಳುವಾಯಿತೋ ನನಗೆ ತಿಳಿಯಲಿಲ್ಲ. ಭುಜ ಹಾಗೆಯೇ ಕುಣಿಯುತ್ತಿತ್ತು. ನಾನು ನಿಲ್ಲಿಸಿದೆ.

"ನಿಲ್ಲಿಸ್ಬೇಡಿ. ಇನ್ನೊಂದು ಹೇಳಿ."

ಹೇಳಿದೆ. ಬಿಸಿಲು ಬೆಂಚಿನಿಂದ ಇಳಿದು ತೊಟ್ಟಿಯ ಕಡೆಗೆ ಹೋಗುವವರೆಗೂ ಹೇಳಿದೆ. ಇಷ್ಟೊಂದು ನನಗೆ ನೆನಪಿದೆಯೆಂದೇ ಗೊತ್ತಿರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಎದ್ದರು. "ಬರೋ ಭಾನುವಾರ ಅಂಗಡಿಗೆ ರಜ. ಬರ್ತೀನಿ. ಅಷ್ಟರಲ್ಲಿ ಇನ್ನೊಂದಿಷ್ಟು ನೆನಪು ಮಾಡ್ಕೊಂಡಿರಿ."

"ಆಗಲಿ ಅಮ್ಮ."

ಮರೆಯದಿರಲೆಂದು ಒಂದನ್ನು ಈಗಲೇ ಬರೆದಿಡುತ್ತೇನೆ. ಮೇ ತಿಂಗಳಿರಬೇಕು. ಬೂಟಿಗೆ ಪಾಲಿಶ್ ಇಲ್ಲವೆಂದು ಕಡ್ಡಿಯನ್ನು ಅಡುಗೆಮನೆಗೆ ಆಲೂಗಡ್ಡೆ ಸುಲಿಯಲು ಹಾಕಿದ್ದೆ. ಹೋಗಿ ನೋಡಿದರೆ, ಸುಲಿದ ಆಲೂಗಡ್ಡೆಗಳನ್ನೆಲ್ಲ ಮೇಜಿನ ಮೇಲೆ ಮೂರು ಸಾಲಿನಲ್ಲಿ ನಿಲ್ಲಿಸಿ, ಕೈ ಹಿಂದೆ ಕಟ್ಟಿಕೊಂಡು, ನನ್ನ ನಡಿಗೆಯಲ್ಲಿ ತಪಾಸಣೆ ಮಾಡುತ್ತಿದ್ದಾನೆ. ಒಂದರ ಮುಂದೆ ನಿಂತು ಬಗ್ಗಿ ನೋಡಿದ. ಅದರ ಮೇಲೆ ಎಲ್ಲೋ ಚೂರು ಸಿಪ್ಪೆ ಉಳಿದಿತ್ತು. "ಏನೋ ಇದು? ಗಡ್ಡ ಬೋಳಿಸದೆ ಹಾಜರಿಗೆ ಬಂದಿದ್ದೀಯಾ?" ಎಂದು ಗುಡುಗಿದ.

ಮೈದಾನ ಏಳು ಸುತ್ತು ಓಡಿಸಿದೆ. ಅವನು ಓಡುತ್ತಿರುವಾಗ ನಾನು ಉಗ್ರಾಣದ ಹಿಂದೆ ಹೋಗಿ, ಗೋಡೆಗೆ ಹಣೆ ಆನಿಸಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಮುಖ ಒರೆಸಿಕೊಂಡು ಬಂದು, ಇನ್ನೆರಡು ಸುತ್ತು ಎಂದೆ. ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಭಾನುವಾರ ಅದನ್ನೂ ಹೇಳಬೇಕು.